ಕಣ್ಣೆದುರೇ ಕಾಣೆಯಾದ ಸೆಟಪ್ ಫೈಲು

ಸೋಮವಾರ ಸಂಜೆ ಅಕ್ಕನ ಮಗನ ಫೋನ್ ಬಂತು. "ಮಾಮಾ, ನೀ ಸೆಟಪ್ ಹಾಕೇ ಇಲ್ಲ ನೋಡು ಪೆನ್‌ಡ್ರೈವ್‌ನಾಗ."

ಹಾಕಿದ್ದೆ. ಶನಿವಾರ ರಾತ್ರಿ ಬಳ್ಳಾರಿಯ ನನ್ನ ರೂಮಿನಲ್ಲಿ ಕೂತು ಮೂರು ಫೈಲುಗಳನ್ನು ಕಾಪಿ ಮಾಡಿ, ಒಂದು ಸಲ ತೆರೆದು ನೋಡಿ, ಆಮೇಲೆ ಪೆನ್‌ಡ್ರೈವ್ ಜೇಬಿಗೆ ಹಾಕಿದ್ದೆ. ಭಾನುವಾರ ಗಂಗಾವತಿಗೆ ಹೋಗಿ ಹುಡುಗನ ಕೈಗೆ ಕೊಟ್ಟು, ಊಟ ಮಾಡಿ, ಸಂಜೆ ಬಸ್ಸಿಗೆ ವಾಪಸ್ ಬಂದಿದ್ದೆ. ಅದೊಂದು ಗೇಮ್. ಅದನ್ನು ಕಂಪ್ಯೂಟರಿಗೆ ಹಾಕುವ ಒಂದು ಸೆಟಪ್ ಎಕ್ಸ್‌ಇ ಫೈಲು, ಜೊತೆಗೆ ಎರಡು ಬಿನ್ ಫೈಲು. ಎಕ್ಸ್‌ಇ ಒಂದೆರಡು ಎಂಬಿ ಮಾತ್ರ. ಸರಕೆಲ್ಲ ಬಿನ್‌ಗಳಲ್ಲಿ, ಎರಡೂ ಸೇರಿ ಸುಮಾರು 3 ಜಿಬಿ. ಎಕ್ಸ್‌ಇ ಕೀಲಿಕೈ ಇದ್ದ ಹಾಗೆ. ಅದಿಲ್ಲದೆ ಆ 3 ಜಿಬಿ ಬರೀ ಹೊರೆ.

"ಸರಿಯಾಗಿ ನೋಡೋ. ಮೂರು ಅದಾವ."

"ಎರಡೇ ಅದಾವ ಮಾಮಾ. ವೀಡಿಯೋ ನೋಡೋ ವಿಎಲ್‌ಸಿನ್ಯಾಗ ತೆಗೆದು ನೋಡಿದೆ, ಆಗವಲ್ದು."

ಇಲ್ಲಿ ನಾನು ಒಂದು ಮಾತು ಅಂದೆ. "ಏನೋ ಮಾಡಿ ಡಿಲೀಟ್ ಮಾಡೀದಿ. ಸುಳ್ಳು ಹೇಳಬ್ಯಾಡ." ಅವನು ಸುಮ್ಮನಾದ. ಫೋನ್ ಇಟ್ಟ.

ಹಾಗನ್ನುವುದಕ್ಕೆ ನನ್ನ ಹತ್ತಿರ ಕಾರಣ ಇತ್ತು ಅಂತ ಆಗ ಅನಿಸಿತ್ತು. ಹೋದ ವರ್ಷ ಇವನೇ ಯಾವುದೋ ಕ್ರ್ಯಾಕ್ ಮಾಡಿದ ಗೇಮ್ ಇಳಿಸಿಕೊಂಡು, ಆ ಸೈಟಿನವರು ಹೇಳಿದಂತೆ ಆಂಟಿವೈರಸ್ ಆಫ್ ಮಾಡಿ, ಲ್ಯಾಪ್‌ಟಾಪನ್ನು ಜಾಹೀರಾತಿನ ಸಂತೆ ಮಾಡಿಟ್ಟಿದ್ದ. ಭಾವ ಅಂಗಡಿಗೆ ಒಯ್ದು ವಿಂಡೋಸನ್ನೇ ಹೊಸದಾಗಿ ಹಾಕಿಸಬೇಕಾಯಿತು. ಅಕ್ಕನ ಮದುವೆಯ ಫೋಟೋ ಸ್ಕ್ಯಾನ್ ಮಾಡಿ ಇಟ್ಟಿದ್ದ ಫೋಲ್ಡರ್ ಅವತ್ತೇ ಹೋಯಿತು. ಅದಾದ ಮೇಲೆ ಮನೆಯಲ್ಲಿ ಕಾನೂನು ಬಂತು. ಗೇಮ್ ಬೇಕಿದ್ದರೆ ಮಾಮನ ಕಡೆಯಿಂದಲೇ ಬರಬೇಕು, ದುಡ್ಡು ಕೊಟ್ಟೇ ಕೊಳ್ಳಬೇಕು. ಅದಕ್ಕೇ ಈ ಸಲ ಕೊಂಡು ಕೊಟ್ಟಿದ್ದು. ಯಾರೋ ಒಬ್ಬನೇ ಕೂತು ಮಾಡಿದ ಗೇಮ್, ಅವನದೇ ಸೈಟಿನಲ್ಲಿ ಮಾರುತ್ತಾನೆ. ಹಡಗಿನಲ್ಲಿ ಸರಕು ತುಂಬಿಕೊಂಡು ಬಂದರಿನಿಂದ ಬಂದರಿಗೆ ಹೋಗುವುದು, ಅಷ್ಟೇ. ಹೊಳೆಯಲ್ಲಿ ತೆಪ್ಪ ಬಿಟ್ಟರೆ ಬೇರೇನೂ ನೋಡದ ಗಂಗಾವತಿ ಹುಡುಗನಿಗೆ ಹಡಗಿನ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ.

ಆ ವಾರ ಪೂರ್ತಿ ಫೋನಿನಲ್ಲೇ ರಿಪೇರಿ ನಡೆಯಿತು. ಮೊದಲು ಎಕ್ಸ್‌ಇಯನ್ನು ಜಿಮೇಲ್‌ನಲ್ಲಿ ಕಳಿಸಲು ನೋಡಿದೆ. ಜಿಮೇಲ್ ಎಕ್ಸ್‌ಇ ಫೈಲುಗಳನ್ನು ಒಯ್ಯುವುದೇ ಇಲ್ಲ, ಜಿಪ್ ಮಾಡಿದರೂ ಒಳಗೆ ಇಣುಕಿ ನೋಡಿ ತಡೆಯುತ್ತದೆ. ಗೊತ್ತಿದ್ದೂ ಯಾಕೆ ನೋಡಿದೆನೋ. ಆಮೇಲೆ ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕೊಟ್ಟೆ. ಹುಡುಗ ಇಳಿಸಿಕೊಂಡ. ಮತ್ತೆ ಫೋನ್.

"ಡೌನ್‌ಲೋಡ್ ಆತು ಅಂತೈತಿ. ಫೋಲ್ಡರ್ ತೆಗೆದ್ರ ಇಲ್ಲ."

"ಅದ್ಹೆಂಗ ಇಲ್ಲ?"

"ಕಾಣಸ್ತೈತಿ ಮಾಮಾ, ಆಮ್ಯಾಲೆ ಇರಂಗಿಲ್ಲ."

ನಾನು ನಕ್ಕೆ. ನೋಡಿ, ಇಡೀ ರೋಗ ಏನು ಅಂತ ಹುಡುಗ ಆ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದ. ಕಂಪ್ಯೂಟರ್ ಬಲ್ಲವನು ಅನ್ನಿಸಿಕೊಂಡ ನನಗೆ ಅದು ಕೇಳಿಸಲಿಲ್ಲ. ಪೆನ್‌ಡ್ರೈವ್ ಹಾಳಾಗಿರಬಹುದು ಅಂದುಕೊಂಡೆ. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಅದೂ ತಲೆಗೆ ಬಂತು. ಆದರೆ ಹಿಡಿಸಬೇಕಾಗಿದ್ದು 2 ಎಂಬಿಯ ಫೈಲು! ದೊಡ್ಡವು ಎರಡೂ ಆರಾಮಾಗಿ ಕೂತಿದ್ದವು. ಹೋಗಿದ್ದು ಚಿಕ್ಕದು. ಕೊನೆಗೆ ಸುತ್ತಿ ಸುತ್ತಿ ನನ್ನ ಅನುಮಾನ ಹುಡುಗನ ಮೇಲೇ ಬಂದು ನಿಲ್ಲುತ್ತಿತ್ತು.

ಮುಂದಿನ ಭಾನುವಾರ ಮತ್ತೆ ಹೋದೆ. ಬಳ್ಳಾರಿಯಿಂದ ಕಂಪ್ಲಿ ಮೇಲೆ ಹೋಗುವ ಬಸ್ಸು. ತುಂಗಭದ್ರಾ ಡ್ಯಾಮಿನಿಂದ ಹೊಳೆಗೆ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಆಗ ದೊಡ್ಡ ಸುತ್ತು. ಆ ವಾರ ಪುಣ್ಯಕ್ಕೆ ನೀರು ಕೆಳಗಿತ್ತು. ಅಕ್ಕನ ಮನೆ ಮುಟ್ಟಿದಾಗ ಒಗ್ಗರಣೆ, ಮಿರ್ಚಿ ರೆಡಿ ಇತ್ತು. ತಿಂದ ಕೈ ತೊಳೆದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೆ. ಹುಡುಗ ಎರಡು ಮಾರು ದೂರ ನಿಂತಿದ್ದ, ಕೈ ಕಟ್ಟಿಕೊಂಡು.

ಮೂರೂ ಫೈಲು ಮತ್ತೆ ಹಾಕಿಕೊಂಡು ತಂದಿದ್ದ ಇನ್ನೊಂದು ಪೆನ್‌ಡ್ರೈವ್ ಚುಚ್ಚಿದೆ. ಫೋಲ್ಡರ್ ತೆರೆಯಿತು. ಮೂರು ಫೈಲು. "ನೋಡು, ಇಲ್ಲೇ ಐತೆಲ್ಲಾ" ಅಂತ ತಿರುಗಿ ಹೇಳಿದೆ. ಹುಡುಗ ಏನೂ ಅನ್ನದೆ ಸ್ಕ್ರೀನಿನ ಕಡೆ ಕಣ್ಣು ತೋರಿಸಿದ. ತಿರುಗಿ ನೋಡಿದರೆ ಎರಡೇ. ಕೆಳಗಿನ ಮೂಲೆಯಲ್ಲಿ '3 ಐಟಂ' ಅಂತ ಇದ್ದದ್ದು '2 ಐಟಂ' ಆಗಿತ್ತು. ಯಾರೂ ಏನೂ ಮುಟ್ಟಿರಲಿಲ್ಲ. ಸದ್ದಿಲ್ಲ, ಸಂದೇಶ ಇಲ್ಲ. ಅನ್ನದ ಮೇಲೆ ಕೂತ ನೊಣ ಎದ್ದು ಹೋದ ಹಾಗೆ ಹೋಯಿತು.

ಲ್ಯಾಪ್‌ಟಾಪಿನಲ್ಲಷ್ಟೇ ಅಲ್ಲ, ಪೆನ್‌ಡ್ರೈವ್‌ನಿಂದಲೂ ಎತ್ತಿಕೊಂಡು ಹೋಗಿತ್ತು. ಅದಕ್ಕೇ ಹೋದ ವಾರ ಹುಡುಗ ಪೆನ್‌ಡ್ರೈವ್ ನೋಡಿದಾಗ ಅಲ್ಲೂ ಇರಲಿಲ್ಲ. ಅವನ ಮಾತಿಗೆ ಇದ್ದ ಒಂದೇ ಸಾಕ್ಷಿಯನ್ನೂ ಅದೇ ನುಂಗಿತ್ತು.

ಅಡುಗೆಮನೆಯಿಂದಲೇ ಅಕ್ಕ ಕೇಳಿದಳು, "ಹುಡುಗನ್ನ ಬೈದಿದ್ದೆಲ್ಲೋ ಫೋನಿನ್ಯಾಗ?" ನಾನು ಉತ್ತರ ಕೊಡಲಿಲ್ಲ.

ಕಳ್ಳ ಯಾರು ಅಂತ ಈಗ ಗೊತ್ತಾಯಿತಲ್ಲ. ವಿಂಡೋಸ್ ಹೊಸದಾಗಿ ಹಾಕಿದಾಗ ಅಂಗಡಿಯವರು ಒಂದು ಆಂಟಿವೈರಸ್ ಕೂಡ ಹಾಕಿಕೊಟ್ಟಿದ್ದರು. ಹೆಸರು ಬೇಡ ಬಿಡಿ. ವಿಂಡೋಸ್ 8 ಬಂದ 2012ರಿಂದಲೂ ಮೈಕ್ರೋಸಾಫ್ಟಿನದೇ ಆಂಟಿವೈರಸ್ ಡಿಫೆಂಡರ್ ಒಳಗೇ ಇರುತ್ತದೆ, ಮನೆ ಬಳಕೆಗೆ ಅದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅಂಗಡಿಯವರಿಗೆ ಅದರಲ್ಲಿ ಏನೂ ಗಿಟ್ಟುವುದಿಲ್ಲ ಅಲ್ವಾ. ಈ ಆಂಟಿವೈರಸ್ ತೆರೆದು ಹಿಡಿದ ಫೈಲುಗಳನ್ನು ಕೂಡಿಹಾಕುವ ಕ್ವಾರಂಟೈನ್ ಅನ್ನುವ ಮೂಲೆಗೆ ಹೋದೆ. ಅಲ್ಲಿ ನಮ್ಮ ಸೆಟಪ್ ನಾಲ್ಕು ಸಲ ಕೂತಿತ್ತು. ಹೋದ ಭಾನುವಾರ ಎರಡು, ಬುಧವಾರ ಒಂದು, ಇವತ್ತಿನದು ಒಂದು. ಪ್ರತಿಯೊಂದಕ್ಕೂ ತಾರೀಕು, ಗಂಟೆ, ನಿಮಿಷ. ಹುಡುಗ ಹೇಳಿದ್ದಕ್ಕೂ ಅದಕ್ಕೂ ಒಂದು ನಿಮಿಷದ ವ್ಯತ್ಯಾಸ ಇರಲಿಲ್ಲ.

ಇದು ಯಾಕೆ ಮೊದಲೇ ಹೇಳಲಿಲ್ಲ? ಹೇಳಿತ್ತು, ನಾವೇ ಬಾಯಿ ಮುಚ್ಚಿಸಿದ್ದೆವು. ಆಂಟಿವೈರಸ್ ದಿನಾ ಮೂರು ಹೊತ್ತು ಪರದೆ ಮೂಲೆಯಲ್ಲಿ ಬಂದು "ನವೀಕರಿಸಿ, ಇವತ್ತೇ ಆಫರ್", "ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ, ಸರಿಪಡಿಸಲೇ" ಅಂತ ಕೊರೆಯುತ್ತಿತ್ತಂತೆ. ಆನ್‌ಲೈನ್ ಕ್ಲಾಸಿನ ಮಧ್ಯೆ ಎರಡು ಸಲ ಬಂದಾಗ ಭಾವನೇ ಹೇಳಿ ಅದರ ಎಲ್ಲ ಸೂಚನೆಗಳನ್ನೂ ಬಂದ್ ಮಾಡಿಸಿದ್ದರು. ವ್ಯಾಪಾರದ ಮಾತಿಗೂ ಎಚ್ಚರಿಕೆಯ ಮಾತಿಗೂ ಒಂದೇ ಬಾಯಿ ಇಟ್ಟರೆ ಹೀಗೇ ಆಗುವುದು. ನನಗೆ ಈ ಇಡೀ ಪ್ರಕರಣದಲ್ಲಿ ಜಾಸ್ತಿ ಸಿಟ್ಟು ಬಂದದ್ದು ಇದಕ್ಕೇ. ಫೈಲನ್ನು ತಪ್ಪಾಗಿ ಹಿಡಿದದ್ದಕ್ಕೆ ಅಷ್ಟು ಬರಲಿಲ್ಲ.

ತಪ್ಪಾಗಿ ಹಿಡಿಯುವುದು ಆ ಕೆಲಸದಲ್ಲಿ ಇದ್ದದ್ದೇ. ಮೊದಮೊದಲು ಆಂಟಿವೈರಸ್‌ಗಳು ಗೊತ್ತಿರುವ ವೈರಸ್‌ಗಳ ಗುರುತುಪಟ್ಟಿ ಇಟ್ಟುಕೊಂಡು ಹೋಲಿಸಿ ನೋಡುತ್ತಿದ್ದವು, ಪೊಲೀಸ್ ಠಾಣೆಯ ಗೋಡೆಯ ಮೇಲಿನ ಫೋಟೋ ನೋಡಿದ ಹಾಗೆ. ಹೊಸ ವೈರಸ್‌ಗಳ ಹರಿವು ಜೋರಾದ ಮೇಲೆ ಅದು ಸಾಕಾಗಲಿಲ್ಲ. ಈಗ ಲಕ್ಷಣ ನೋಡಿ ಊಹೆ ಮಾಡುತ್ತವೆ. ಮಾಡಿದವರು ಯಾರು ಅಂತ ಖಾತ್ರಿ ಮಾಡುವ ಡಿಜಿಟಲ್ ಸಹಿ ಫೈಲಿಗೆ ಇದೆಯಾ? ಎಷ್ಟು ಜನ ಇಳಿಸಿಕೊಂಡಿದ್ದಾರೆ? ಒಳಗಿನದನ್ನು ಹಿಂಡಿ ಮುಚ್ಚಿಟ್ಟಿದೆಯಾ? ಓಡಿದ ಕೂಡಲೇ ಬೇರೆ ಫೈಲುಗಳನ್ನು ಬಿಚ್ಚಿ ಹಾಕುತ್ತದಾ? ಒಬ್ಬಂಟಿಗ ಮಾಡಿದ ಗೇಮಿನ ಸೆಟಪ್ಪನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿ. ಡಿಜಿಟಲ್ ಸಹಿಗೆ ವರ್ಷ ವರ್ಷ ದುಡ್ಡು ಕಟ್ಟಬೇಕು, ಹಾಗಾಗಿ ಸಹಿ ಇಲ್ಲ. ಹೊಸದು, ಇಳಿಸಿಕೊಂಡವರು ಬೆರಳೆಣಿಕೆ. ಗಾತ್ರ ಚಿಕ್ಕದಾಗಲಿ ಅಂತ ಹಿಂಡಿಟ್ಟಿದ್ದಾನೆ. ಇನ್ನು ಬಿಚ್ಚಿ ಹಾಕುವುದಂತೂ ಸೆಟಪ್‌ನ ಕೆಲಸವೇ. ಮುಖ ನೋಡಿ ಮಣೆ ಹಾಕುವವರ ಮನೆಯಲ್ಲಿ ಇದಕ್ಕೆ ಮಣೆ ಎಲ್ಲಿ ಸಿಗಬೇಕು?

ಭಾವ ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಅಕ್ಕಿ ಆರಿಸುವ ಸಾರ್ಟೆಕ್ಸ್ ಮಷಿನ್ ನೋಡಿಕೊಳ್ಳುತ್ತಾರೆ. ಸಾರ್ಟೆಕ್ಸ್ ಅಂದರೆ ಮೂಲದಲ್ಲಿ ಲಂಡನ್ನಿನ ಕಂಪನಿಯೊಂದರ ಹೆಸರು, ಈಗ ಅಕ್ಕಿ ಚೀಲದ ಮೇಲೆಲ್ಲ ಅದೇ ಹೆಸರು. ನನ್ನ ವಿವರಣೆ ಕೇಳಿ ಅವರು ಲುಂಗಿ ಸರಿ ಮಾಡಿಕೊಂಡು ಹತ್ತಿರ ಬಂದು ಕೂತರು. "ನಮ್ಮ ಮಷಿನ್ನೂ ಹಂಗ ಐತಿ" ಅಂದರು.

ಆ ಮಷಿನ್ನನ್ನು ನಾನು ಒಮ್ಮೆ ನೋಡಿದ್ದೇನೆ. ಸೋನಾಮಸೂರಿ ಅಕ್ಕಿ ಮೇಲಿನಿಂದ ಸಣ್ಣ ಸಣ್ಣ ಜಾರುದಾರಿಗಳಲ್ಲಿ ನೀರಿನ ಹಾಗೆ ಇಳಿದು ಬರುತ್ತದೆ. ಜಾರಿ ಬೀಳುವ ಜಾಗದಲ್ಲಿ ಕ್ಯಾಮೆರಾ. ಬಣ್ಣಗೆಟ್ಟ ಕಾಳು ಕಂಡ ಕೂಡಲೇ ಎದುರಿನ ತೂತಿನಿಂದ ಗಾಳಿ ಟಪ್ ಅಂತ ಹೊಡೆದು ಅದನ್ನು ಬೇರೆ ಕಡೆ ಬೀಳಿಸುತ್ತದೆ. ಹೊತ್ತಿಗೆ ಸಾವಿರಾರು ಟಪ್ ಟಪ್, ಮಳೆ ತಗಡಿನ ಮೇಲೆ ಬಿದ್ದ ಹಾಗೆ ಸದ್ದು. ಆದರೆ ಗಾಳಿ ಒಂದೇ ಕಾಳಿಗೆ ಗುರಿಯಿಟ್ಟು ಹೊಡೆಯಲಾರದು. ಒಂದು ಕರಿ ಕಾಳಿನ ಜೊತೆ ಅಕ್ಕಪಕ್ಕದ ಬಿಳಿ ಕಾಳೂ ಹಾರಿ ಹೋಗುತ್ತವೆ.

"ಜಾಸ್ತಿ ಬಿಗಿ ಇಟ್ರ ಒಳ್ಳೆ ಅಕ್ಕಿನೂ ಹೊರಗ ಹೋಕ್ಕೈತಿ, ಮಾಲಕ ಬೈತಾನ. ಸಡಿಲ ಬಿಟ್ರ ಕರಿ ಕಾಳು ಚೀಲದಾಗ ಬರ್ತಾವ, ಗಿರಾಕಿ ಬೈತಾನ" ಅಂದರು ಭಾವ. "ಅದಕ್ಕ ಹೊರಗ ಬಿದ್ದಿದ್ದನ್ನ ಇನ್ನೊಮ್ಮೆ ಮಷಿನ್ನಿಗೆ ಹಾಕ್ತೀವಿ. ಒಳ್ಳೇದು ತಿರುಗಿ ಬರ್ತೈತಿ." ಸ್ವಲ್ಪ ತಡೆದು ಮತ್ತೆ ಅಂದರು, "ಆದ್ರ ನಮ್ಮದು ಬೀಳೋ ಚೀಲ ಕಣ್ಣ ಮುಂದ ಇರ್ತೈತಿ ನೋಡು. ಕೈ ಹಾಕಿದ್ರ ಗೊತ್ತಾಗ್ತೈತಿ."

ನಮ್ಮ ಚೀಲವನ್ನು ಹುಡುಕಲು ನನಗೆ ಎಂಟು ದಿನ ಹಿಡಿದಿತ್ತು.

ಇನ್ನೊಮ್ಮೆ ಮಷಿನ್ನಿಗೆ ಹಾಕುವ ಕೆಲಸ ಶುರು ಮಾಡಿದೆವು. ಮೊದಲು ಈ ಫೈಲು ಗೇಮ್ ಮಾಡಿದವನು ಕೊಟ್ಟದ್ದೇ ಹೌದಾ, ದಾರಿಯಲ್ಲಿ ಯಾರಾದರೂ ಬದಲಿಸಿದ್ದಾರಾ ನೋಡಬೇಕು. ಅವನ ಸೈಟಿನಲ್ಲಿ ಪ್ರತಿ ಫೈಲಿನ ಪಕ್ಕ ಎಸ್‌ಎಚ್‌ಎ-256 ಮೊತ್ತ ಬರೆದಿದ್ದ. 64 ಅಕ್ಷರಗಳ ಸಾಲು, ಫೈಲಿನ ಹೆಬ್ಬೆಟ್ಟು ಅನ್ನಿ. ಒಳಗೆ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ನಮ್ಮ ಫೈಲನ್ನು ಕ್ವಾರಂಟೈನ್‌ನಿಂದ ವಾಪಸ್ ತಂದು, ಅದೊಂದಕ್ಕೇ ವಿನಾಯಿತಿ ಕೊಟ್ಟು, ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಅನ್ನುವ ಕಮಾಂಡಿನಿಂದ ಅದರ ಮೊತ್ತ ತೆಗೆದೆ. ಹುಡುಗ ಫೋನಿನಲ್ಲಿ ಸೈಟ್ ತೆರೆದುಕೊಂಡು ಓದಿದ, ನಾನು ಸ್ಕ್ರೀನಿನಲ್ಲಿ ಬೆರಳಿಟ್ಟು ನೋಡಿದೆ. "ಎಫ್, ನಾಕು, ಎರಡು, ಎ..." ಅಕ್ಕ ಒಳಗಿನಿಂದ "ಏನು ಮಂತ್ರ ಹೇಳಾಕತ್ತೀರಿ?" ಅಂದಳು. 64ಕ್ಕೆ 64 ಕೂಡಿತು.

ಇಷ್ಟಕ್ಕೇ ಖುಷಿಪಡುವ ಹಾಗಿಲ್ಲ. ಇದು ಅವನು ಕೊಟ್ಟ ಫೈಲೇ ಅನ್ನುವುದು ಖಾತ್ರಿ ಆಯಿತು, ಅವನು ಕೊಟ್ಟದ್ದು ಚೊಕ್ಕ ಇದೆ ಅಂತ ಅಲ್ಲ. 2017ರಲ್ಲಿ ಸಿಕ್ಲೀನರ್ ಅನ್ನುವ ಹೆಸರುವಾಸಿ ಸಾಫ್ಟ್‌ವೇರ್‌ನ ಅಸಲಿ ಸೆಟಪ್ ಒಳಗೇ ದುಷ್ಟ ಕೋಡ್ ಸೇರಿಕೊಂಡಿತ್ತು. ಕಂಪನಿಯದೇ ಸಹಿ, ಕಂಪನಿಯದೇ ಸೈಟು. ಸುಮಾರು 22 ಲಕ್ಷ ಕಂಪ್ಯೂಟರ್‌ಗಳಿಗೆ ಹೋಗಿತ್ತು. ಹಾಗಾಗಿ ವೈರಸ್‌ಟೋಟಲ್‌ನಲ್ಲೂ ನೋಡಿದೆ. 2004ರಲ್ಲಿ ಸ್ಪೇನಿನಲ್ಲಿ ಶುರುವಾದ ಸೇವೆ, 2012ರಿಂದ ಗೂಗಲ್‌ನದು. 70ರ ಹತ್ತಿರ ಆಂಟಿವೈರಸ್‌ಗಳು ಒಂದೇ ಫೈಲನ್ನು ನೋಡಿ ತಮ್ಮ ತಮ್ಮ ತೀರ್ಪು ಹೇಳುತ್ತವೆ. (ಮನೆಯ ಕಾಗದಪತ್ರ, ಆಧಾರ್ ಗೀಧಾರ್ ಅಲ್ಲಿ ಹಾಕಲೇಬೇಡಿ. ಹಾಕಿದ ಫೈಲು ಬೇರೆಯವರ ಕೈಗೂ ಹೋಗುತ್ತದೆ.) ನಮ್ಮ ಸೆಟಪ್ಪಿಗೆ ಮೂವರು ಮಾತ್ರ ಕೆಂಪು ಬಾವುಟ ತೋರಿಸಿದ್ದರು. ಅದೂ ಯಾವುದೇ ವೈರಸ್ಸಿನ ಹೆಸರು ಹಿಡಿದು ಅಲ್ಲ, 'ಜೆನೆರಿಕ್', 'ಹ್ಯೂರಿಸ್ಟಿಕ್' ಅಂತ. ಅಂದರೆ ಹೆಸರು ಗೊತ್ತಿಲ್ಲ, ಮುಖ ಸರಿಯಿಲ್ಲ.

ಸರಿ ಅಂತ ಸೆಟಪ್ ಓಡಿಸಿದೆ. ಹಸಿರು ಪಟ್ಟಿ ಅರ್ಧ ದಾಟಿತು. ಹುಡುಗ ಈಗ ನನ್ನ ಭುಜದ ಹತ್ತಿರ ಬಂದಿದ್ದ. ಪಟ್ಟಿ ಅಲ್ಲೇ ನಿಂತಿತು. ಮೂಲ ಫೈಲ್ ಸಿಗುತ್ತಿಲ್ಲ ಅನ್ನುವ ಸಂದೇಶ.

ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಸೆಟಪ್ ಪಾಪ ತನಗೆ ಕಂಡದ್ದನ್ನು ಹೇಳುತ್ತದೆ, ಫೈಲ್ ಇಲ್ಲ ಅಂತ. ಯಾರು ಒಯ್ದರು ಅಂತ ಅದಕ್ಕೆ ಗೊತ್ತಿಲ್ಲ. ನಾವು ಡೌನ್‌ಲೋಡ್ ಕೆಟ್ಟಿದೆ ಅಂದುಕೊಂಡು 3 ಜಿಬಿ ಮತ್ತೆ ಇಳಿಸುತ್ತಾ ಕೂರುತ್ತೇವೆ. ನಡೆದದ್ದು ಬೇರೆ. ಈ ಸೆಟಪ್ಪನ್ನು ಇನೋ ಸೆಟಪ್ ಅನ್ನುವ 1997ರಿಂದ ಇರುವ ಉಚಿತ ಸಾಧನದಿಂದ ಮಾಡಿದ್ದರು. ಅದು ಓಡುವಾಗ ಟೆಂಪ್ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಫೋಲ್ಡರ್ ಮಾಡಿಕೊಂಡು ತನಗೆ ಬೇಕಾದ ಸಹಾಯಕ ಫೈಲುಗಳನ್ನು ಅಲ್ಲಿ ಬಿಚ್ಚಿಟ್ಟುಕೊಳ್ಳುತ್ತದೆ. ಸೆಟಪ್‌ಗೆ ನಾನು ಪಾಸು ಕೊಟ್ಟಿದ್ದೆ, ಅದರ ಹೊಟ್ಟೆಯಿಂದ ಬಂದ ಮಕ್ಕಳಿಗೆ ಕೊಟ್ಟಿರಲಿಲ್ಲ. ಬಿಚ್ಚಿದ ಕೂಡಲೇ ಒಂದನ್ನು ಆಂಟಿವೈರಸ್ ಎತ್ತಿಕೊಂಡಿತ್ತು. ಆ ಫೋಲ್ಡರಿಗೇ ವಿನಾಯಿತಿ ಕೊಡೋಣ ಅಂದರೆ ಪ್ರತಿ ಸಲವೂ ಅದಕ್ಕೆ ಹೊಸ ಹೆಸರು. ಇಡೀ ಟೆಂಪ್ ಫೋಲ್ಡರಿಗೆ ಕೊಡುವುದೆಂದರೆ ಹಿತ್ತಲ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಅಸಲಿ ವೈರಸ್‌ಗಳೂ ಮೊದಲು ಬಂದು ಕೂರುವುದು ಅಲ್ಲೇ.

"ಐದು ನಿಮಿಷ ಆಫ್ ಮಾಡಿಬಿಡು ಮಾಮಾ" ಅಂದ ಹುಡುಗ. ಅಂದವನೇ ನಾಲಿಗೆ ಕಚ್ಚಿಕೊಂಡ. ಭಾವ ತಲೆ ಎತ್ತಿ ನೋಡಿದರು.

ಅವನು ಹೇಳಿದ್ದು ಊರೆಲ್ಲ ಹೇಳುವ ಮಾತೇ. ಯಾವ ವೀಡಿಯೋ ನೋಡಿ, ಮೊದಲ ಉಪಾಯ ಆಂಟಿವೈರಸ್ ಆಫ್ ಮಾಡುವುದು. ಪ್ರಾಮಾಣಿಕವಾಗಿ ಗೇಮ್ ಮಾರುವವನೂ ಅದನ್ನೇ ಹೇಳುತ್ತಾನೆ, ಹೋದ ವರ್ಷ ಇವನಿಗೆ ಟೋಪಿ ಹಾಕಿದ ಸೈಟಿನವನೂ ಅದನ್ನೇ ಹೇಳಿದ್ದ. ಮಾತು ಕೇಳಿ ಇಬ್ಬರಲ್ಲಿ ಯಾರು ಯಾರು ಅಂತ ಹೇಳಲು ಬರುವುದಿಲ್ಲ. ನಾನು ಆ ಕ್ಷಣ ಆಫ್ ಮಾಡಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ನನ್ನ ಲ್ಯಾಪ್‌ಟಾಪ್ ಆಗಿದ್ದರೆ ಮಾಡುತ್ತಿದ್ದೆ ಅಂತಲೂ ಒಪ್ಪಿಕೊಳ್ಳುತ್ತೇನೆ. ಆದರೆ ಅಕ್ಕನ ಫೋಟೋ ಹೋದ ಮನೆಯಲ್ಲಿ ಕೂತು, ಆ ಹುಡುಗನ ಕಣ್ಣೆದುರು, ಅದೇ ಬಟನ್ ಒತ್ತುವುದಕ್ಕೆ ಕೈ ಬರಲಿಲ್ಲ.

ಬದಲಿಗೆ ಎರಡು ಕಾಗದ ಬರೆದೆವು. ಒಂದು ಆಂಟಿವೈರಸ್ ಕಂಪನಿಗೆ, ನಿಮ್ಮಿಂದ ತಪ್ಪಾಗಿದೆ ನೋಡಿ ಅಂತ. ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಸೈಟಿನಲ್ಲೂ ಹೀಗೆ ಫೈಲು ಕಳಿಸಲು ಒಂದು ಫಾರಂ ಇರುತ್ತದೆ, ಯಾರೂ ತುಂಬುವುದಿಲ್ಲ ಅಷ್ಟೇ. ಇನ್ನೊಂದು ಗೇಮ್ ಮಾಡಿದವನಿಗೆ. ಅದನ್ನು ಹುಡುಗನೇ ಬರೆದ, ತನ್ನ ಒಂಬತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ. ರಾತ್ರಿಗೇ ಉತ್ತರ ಬಂತು. ತಾನು ಯುಪಿಎಕ್ಸ್ ಅನ್ನುವ ಸಾಧನದಿಂದ ಫೈಲುಗಳನ್ನು ಹಿಂಡಿದ್ದಾಗಿಯೂ, ವೈರಸ್ ಬರೆಯುವವರೂ ಅದನ್ನೇ ಬಳಸುವುದರಿಂದ ಹೀಗಾಗುತ್ತಿರಬಹುದೆಂದೂ, ಮುಂದಿನ ಆವೃತ್ತಿಯಲ್ಲಿ ಬಿಡುತ್ತೇನೆಂದೂ ಬರೆದಿದ್ದ. ಕೊನೆಗೆ ಕ್ಷಮೆ ಕೇಳಿದ್ದ. ಹುಡುಗ ಆ ಮೇಲ್ ನನಗೆ ಎರಡು ಸಲ ಓದಿ ಹೇಳಿದ. ಎರಡನೇ ಸಲ 'ಸಾರಿ' ಬಂದ ಕಡೆ ಸ್ವಲ್ಪ ಜೋರಾಗಿಯೇ ಓದಿದ. ನನಗೆ ಅರ್ಥವಾಯಿತು. ಊಟಕ್ಕೆ ಕೂತಾಗ ಅವನ ತಟ್ಟೆಗೆ ನನ್ನ ಪಾಲಿನ ಹೋಳಿಗೆ ಹಾಕಿ, "ತಪ್ಪಾತಪ್ಪಾ, ಫೋನಿನ್ಯಾಗ ಹಂಗ ಅನಬಾರದಿತ್ತು" ಅಂದೆ. "ಇರ್ಲಿ ಬಿಡು" ಅಂದ, ಹೋಳಿಗೆ ಮುರಿಯುತ್ತಾ.

ಕಂಪನಿಯ ಉತ್ತರ ಬರಲು ಬುಧವಾರ ಆಯಿತು. ಎರಡೇ ಸಾಲು. ಪರಿಶೀಲಿಸಿದ್ದೇವೆ, ಹೊಸ ಅಪ್‌ಡೇಟಿನಲ್ಲಿ ಸರಿಮಾಡಿದ್ದೇವೆ. ಕ್ಷಮೆ ಗಿಮೆ ಇಲ್ಲ. ಇವರದ್ದು ಅಷ್ಟಕ್ಕೇ ಮುಗಿಯಿತು ಅಂತ ಸಮಾಧಾನ ಮಾಡಿಕೊಂಡೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಅನ್ನುವ ಆಂಟಿವೈರಸ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲಾದ ಎಸ್‌ವಿಸಿಹೋಸ್ಟನ್ನೇ ವೈರಸ್ ಅಂದುಕೊಂಡು ಹಿಡಿದಿತ್ತು. ಜಗತ್ತಿನ ಎಷ್ಟೋ ಆಫೀಸು, ಆಸ್ಪತ್ರೆಗಳ ಕಂಪ್ಯೂಟರ್‌ಗಳು ಸುಮ್ನೆ ಆಫ್ ಆಗುವುದು, ಆನ್ ಆಗುವುದು, ಮತ್ತೆ ಆಫ್ ಆಗುವುದು. ಕಾವಲುಗಾರ ಮನೆ ಯಜಮಾನನನ್ನೇ ಹೊರಗೆ ಹಾಕಿದ ಕತೆ ಅದು. ನಮ್ಮದು ಬರೀ ಹಡಗಿನ ಗೇಮು.

ಹೊರಡುವ ಮುಂಚೆ ಭಾನುವಾರವೇ ಇನ್ನೊಂದು ಕೆಲಸ ಮಾಡಿಟ್ಟಿದ್ದೆ. ಆಂಟಿವೈರಸ್‌ನ ಸೆಟ್ಟಿಂಗ್ ಹುಡುಕಿ, ಆಫರ್ ಸೂಚನೆಗಳನ್ನು ಬಂದ್ ಇಟ್ಟು, ಏನಾದರೂ ಹಿಡಿದರೆ ಹೇಳುವ ಸೂಚನೆಯನ್ನು ಮಾತ್ರ ಚಾಲೂ ಮಾಡಿದೆ. ಅವೆರಡನ್ನೂ ಬೇರೆ ಮಾಡುವ ಜಾಗ ನಾಲ್ಕು ಮೆನು ಒಳಗೆ ಅಡಗಿತ್ತು. ಕೆಲಸ ಮಾಡುತ್ತದಾ ಅಂತ ಪರೀಕ್ಷಿಸಲು ಐಕಾರ್ ಫೈಲು ಬಳಸಿದೆ. ಅದು ಬರೀ 68 ಅಕ್ಷರಗಳ ಒಂದು ಸಾಲು. ಯಾರಿಗೂ ಏನೂ ಮಾಡುವುದಿಲ್ಲ. ಆದರೆ ಇದನ್ನು ಕಂಡರೆ ವೈರಸ್ ಕಂಡ ಹಾಗೆ ಕೂಗಬೇಕು ಅಂತ ಆಂಟಿವೈರಸ್ ಮಾಡುವವರೆಲ್ಲ ಮೊದಲೇ ಒಪ್ಪಿಕೊಂಡಿದ್ದಾರೆ. ಹುಡುಗನಿಗೇ ನೋಟ್‌ಪ್ಯಾಡಿನಲ್ಲಿ ಆ ಸಾಲು ಹಾಕಿ ಸೇವ್ ಮಾಡಲು ಹೇಳಿದೆ. ಸೇವ್ ಒತ್ತಿದ. ಟಣ್ ಅಂತ ಸದ್ದು ಬಂತು, ಕೆಂಪು ಚೌಕ ಎದ್ದಿತು, ಫೈಲು ಮಾಯ. ಅವನಿಗೆ ಎಷ್ಟು ಖುಷಿ ಆಯಿತೆಂದರೆ ಆರು ಸಲ ಮಾಡಿ ನೋಡಿದ. ಏಳನೆಯ ಸಲಕ್ಕೆ ಭಾವ "ಸಾಕ್ಲೇ" ಅಂದರು.

ಗುರುವಾರ ರಾತ್ರಿ ಒಂದು ಫೋಟೋ ಬಂತು. ಹಡಗು, ಬಂದರು, ಸರಕಿನ ಪಟ್ಟಿ. ಹಡಗಿಗೆ ಗಂಗಾವತಿ ಅಂತ ಹೆಸರಿಟ್ಟಿದ್ದ. ಸರಕು ಅಕ್ಕಿ.

ಇದೆಲ್ಲ ಆಗಿ ಒಂದು ತಿಂಗಳಾಗಿತ್ತು. ಮೊನ್ನೆ ಆಫೀಸಿನಲ್ಲಿ ಇದ್ದಾಗ ಮತ್ತೆ ಫೋನ್.

"ಮಾಮಾ, ಕೆಂಪು ಚೌಕ ಬಂದೈತಿ. ಏನೂ ಮುಟ್ಟಿಲ್ಲ ನಾ."

ನಾನು ಕುರ್ಚಿಯಿಂದ ಎದ್ದು ಹೊರಗೆ ಬಂದೆ. "ಗಾಬರಿ ಆಗಬ್ಯಾಡ. ಏನು ಬರೆದೈತಿ, ಪೂರ್ತಿ ಓದು."

ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಓದಿದ.

"ಇವತ್ತೊಂದೇ ದಿನ, ಐವತ್ತು ಪರ್ಸೆಂಟ್ ರಿಯಾಯಿತಿ ಅಂತ."